ಚೋಟು ಮರಕುಟಿಗದ ಹಣೆಬಣ್ಣ

ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಗರಗಸದ ಹಲ್ಲುಗಳೆಲ್ಲ ಒಂದೇ ದಿನಕ್ಕೆ ಉದುರಿಹೋಗಲಿ. ನಾನು ಏಣಿಯ ತುದಿಯಲ್ಲಿ ಇದ್ದಾಗಲೇ ಉದುರಲಿ, ಬೇಕಾದರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ. ನಮ್ಮಕ್ಕ ಮಾತ್ರ, "ಇವನು ಹೇಳಿದ್ರಲ್ಲಿ ಕಾಲು ಭಾಗ ತಗೊಳ್ಳಿ, ಅದನ್ನೂ ಒಂದ್ಸಲ ಜರಡಿ ಹಿಡೀರಿ" ಅನ್ನುತ್ತಾಳೆ. ಅಕ್ಕ ಬಸ್ ಕಂಡಕ್ಟರು. ಇಪ್ಪತ್ತು ವರ್ಷದಿಂದ ಜನರ ನೆಪ ಕೇಳಿ ಕೇಳಿ, ಈಗ ಗಡಿಯಾರ ಗಂಟೆ ಹೊಡೆದರೂ ನಂಬುವುದಿಲ್ಲ. ಅವಳ ಮಾತು ಬಿಡಿ.

ನನ್ನ ಕೆಲಸ ಸತ್ತ ಮರಗಳನ್ನು ಇಳಿಸುವುದು. ಕಡಿಯುವುದಲ್ಲ, ಇಳಿಸುವುದು. ಕರೆಂಟಿನ ತಂತಿಯ ಪಕ್ಕದ ಮರವನ್ನು ಬುಡಕ್ಕೇ ಕಡಿದರೆ ಅದು ತಂತಿಯನ್ನು ತಬ್ಬಿಕೊಂಡು ಬೀಳುತ್ತದೆ. ಅದಕ್ಕೇ ಮೇಲಿನಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಬಿಡಬೇಕು. ಎಲ್ಲೆಲ್ಲಿ ಕೊಯ್ಯಬೇಕೋ ಅಲ್ಲಲ್ಲಿ ಮೊದಲೇ ಕಿತ್ತಳೆ ಬಣ್ಣದ ಪಟ್ಟಿ ಬಳಿಯಬೇಕು.

ಕಾಡಿನ ಅಂಚಿನಲ್ಲಿ ಒಂದು ಒಣಮರ ತಂತಿಯ ಕಡೆಗೆ ವಾಲಿತ್ತು. ಕಾಡಿನ ಮರವಾದರೆ ಒಂದು ನಿಯಮವಿದೆ. ಹಕ್ಕಿ ಲೆಕ್ಕದವರು ಬಂದು ಮೂರು ಬೆಳಿಗ್ಗೆ ಕೂತು ನೋಡಬೇಕು. "ಗೂಡಿಲ್ಲ" ಎಂದು ಸಹಿ ಹಾಕಬೇಕು. ಆಮೇಲೆ ಬಣ್ಣ, ಆಮೇಲೆ ಗರಗಸ. ಸಹಿಗೆ ಮುಂಚೆ ಬಣ್ಣ ಹಚ್ಚಿದವನ ಕೆಲಸದ ಕಾರ್ಡು ಕಿತ್ತುಕೊಳ್ಳುತ್ತಾರೆ.

ನಾನು ಸೋಮವಾರವೇ ಹಚ್ಚಿಬಿಟ್ಟಿದ್ದೆ. ಏಣಿ ಅಲ್ಲೇ ಇತ್ತು, ಬಿಸಿಲು ಚೆನ್ನಾಗಿತ್ತು, ನನ್ನ ಸೋಮಾರಿತನ ಅದಕ್ಕಿಂತ ಚೆನ್ನಾಗಿತ್ತು. ತಂತಿಯ ಕಡೆಗೆ ಮಾತ್ರ, ದಾರಿಯಿಂದ ಕಾಣದ ಹಾಗೆ, ಅರ್ಧರ್ಧ ಸುತ್ತು. ಆ ಕಡೆ ಜಾರುವ ಇಳಿಜಾರು. ಯಾರು ಹೋಗಿ ನೋಡುತ್ತಾರೆ? ಡಬ್ಬಿಯಲ್ಲಿ ಕಿತ್ತಳೆ ಬಣ್ಣ ತಳ ಹಿಡಿದಿತ್ತು. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಸುರಿದೆ. ಗಟ್ಟಿಯಾಯಿತೆಂದು ಗರಗಸದ ಎಣ್ಣೆಯನ್ನೂ ಸುರಿದೆ. ಕಲಸಿದ ಮೇಲೆ ಅದು ತುಕ್ಕಿನ ಬಣ್ಣಕ್ಕೆ ತಿರುಗಿತು. ಎಣ್ಣೆ ಬಿದ್ದ ಬಣ್ಣ ಒಣಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆದರೆ ವಾರದೊಳಗೆ ತುಂಡಾಗುವ ಮರಕ್ಕೆ ಒಣಗಿದರೆಷ್ಟು, ಬಿಟ್ಟರೆಷ್ಟು?

ಮಂಗಳವಾರ ಬೆಳಿಗ್ಗೆ ಏಣಿಯ ಎರಡನೇ ಮೆಟ್ಟಿಲಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದೆ. ಪೊದೆಯೊಂದು ಮಾತಾಡಿತು.

"ಆ ಏಣಿಯಿಂದ ಇಳೀರಿ."

"ಯಾರದು?"

"ಇಳೀರಿ ಅಂದೆ. ಅಗಿಯೋ ಸದ್ದೂ ನಿಲ್ಲಿಸಿ. ಹತ್ತು ಹಕ್ಕಿ ಓಡಿಸೋಷ್ಟು ಗಟ್ಟಿಯಾಗಿ ಅಗೀತೀರಲ್ರೀ!"

ಪೊದೆಯಿಂದ ಒಬ್ಬಳು ಎದ್ದು ನಿಂತಳು. ಎಲೆ ಬಣ್ಣದ ಜಾಕೆಟ್, ಕೂದಲಲ್ಲಿ ಎರಡು ಮುಳ್ಳು, ಎದೆಯ ಮೇಲೆ ದುರ್ಬೀನು. ಅದನ್ನು ಒತ್ತಿ ಹಿಡಿದು ನೋಡಿದ್ದಕ್ಕೆ ಎರಡೂ ಕಣ್ಣಿನ ಸುತ್ತ ಒಂದೊಂದು ಉಂಗುರ ಬಿದ್ದಿತ್ತು. ಆ ಉಂಗುರಗಳ ಒಳಗಿನಿಂದ ಎರಡು ಕಪ್ಪು ಕಣ್ಣುಗಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಲೆಕ್ಕಕ್ಕಿಲ್ಲದ ಪ್ರಾಣಿ ಎಂದು ಬದಿಗೆ ಸರಿಸಿದವು.

ಹಸಿ ಸೌದೆಯನ್ನು ಅಂಥ ನೋಟದ ಎದುರು ಇಟ್ಟಿದ್ದರೆ ಒಣಗಿಹೋಗುತ್ತಿತ್ತು. ನಾನು ಇಳಿದೆ.

"ಯಾವ ಹಕ್ಕಿಗೆ ಇಷ್ಟೊಂದು ಗಲಾಟೆ ಮೇಡಂ?"

"ಚೋಟು ಮರಕುಟಿಗ."

"ಮರಕುಟಿಗ ನಂಗೊತ್ತಿಲ್ವಾ? ಕೆಂಪು ಜುಟ್ಟು, ಇಷ್ಟುದ್ದ..." ಮೊಳಕೈವರೆಗೆ ಅಳತೆ ತೋರಿಸಿದೆ.

"ಅದು ಇದರ ದೊಡ್ಡಪ್ಪ. ಇದು ನಿಮ್ಮ ಅಂಗೈಯೊಳಗೆ ಅಡಗುತ್ತೆ. ಗಾತ್ರದಲ್ಲಿ ನಿಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ನಿಮ್ಮ ಬುದ್ಧಿಗಿಂತ ತುಂಬಾ ದೊಡ್ಡದು."

"ಅಷ್ಟು ಚಿಕ್ಕದನ್ನ ಮರಕುಟಿಗ ಅಂತ ಹೇಗ್ರೀ ಗುರುತು ಹಿಡೀತೀರಿ? ಗುಬ್ಬಿ ಅಂದ್ಕೊಂಡ್ರೆ?"

"ಗುಬ್ಬಿ ಅಂದ್ಕೊಳ್ಳೋರು ನಿಮ್ಮಂಥೋರು." ಆದರೆ ಹಕ್ಕಿಯ ಮಾತು ಬಂದ ಕೂಡಲೇ ಅವಳ ದನಿ ತಗ್ಗಿತು, ಬೈಗುಳದೊಳಗೇ ಮೆತ್ತಗಾಯಿತು. "ಮೊದಲು ಕೇಳಬೇಕು, ಆಮೇಲೆ ನೋಡೋದು. ಒಣ ಕಡ್ಡಿ ಮೇಲೆ ಉಗುರಲ್ಲಿ ಬಡಿದ ಹಾಗೆ ಸಣ್ಣ ಸದ್ದು. ದೊಡ್ಡ ಮರಕುಟಿಗ ಬಾಲನ ಮರಕ್ಕೆ ಒತ್ತಿ ಕೂರುತ್ತೆ, ಮೂರನೇ ಕಾಲಿನ ಥರ. ಇದರ ಬಾಲ ಮೋಟು, ಊರೋದೇ ಇಲ್ಲ. ಸಣ್ಣ ಸಣ್ಣ ಕಡ್ಡಿ ಮೇಲೆ ಅಡ್ಡಡ್ಡ ಓಡಾಡುತ್ತೆ. ಬೆನ್ನು ಪಾಚಿ ಹಸಿರು. ಎದೆ ಬಿಳಿ, ಅದರ ತುಂಬ ಕರೀ ಚುಕ್ಕೆ. ಮುಖದ ಮೇಲೆ ಎರಡು ಬಿಳಿ ಗೆರೆ, ಕಣ್ಣಿನ ಮೇಲೊಂದು, ಕೆಳಗೊಂದು."

"ಗಂಡು ಹೆಣ್ಣು?"

"ಗಂಡಿಗೆ ಹಣೆ ಮೇಲೆ ಚಿಟಿಕೆಯಷ್ಟು ತುಕ್ಕಿನ ಬಣ್ಣ. ಹೆಣ್ಣಿಗೆ ಅದಿಲ್ಲ. ಅಷ್ಟೇ ವ್ಯತ್ಯಾಸ." ನನ್ನ ಕಡೆ ತಿರುಗಿದಳು. ದನಿ ಮತ್ತೆ ಗರಗಸವಾಯಿತು. "ಮರಕ್ಕೆ ಬಣ್ಣ ಗಿಣ್ಣ ಹಚ್ಚಿಲ್ಲ ತಾನೆ?"

"ಛೇ ಛೇ! ನಿಯಮ ಗೊತ್ತಿಲ್ವಾ ನಂಗೆ?"

ಈ ಒಂದು ಸುಳ್ಳು ಹೇಳಿದೆ, ಒಪ್ಪುತ್ತೇನೆ.

ಎರಡನೆಯ ಬೆಳಿಗ್ಗೆ ಜಗಳ ಇನ್ನೂ ಚೆನ್ನಾಗಿ ನಡೆಯಿತು. ಏಣಿಯವನು ಹಾಜರಿರಬೇಕು ಎಂಬುದೂ ನಿಯಮವೇ. ನನ್ನ ಹಳದಿ ಟೋಪಿ ಹಕ್ಕಿಗೆ ಆಗದು ಎಂದಳು, ತೆಗೆದೆ. ತೆಗೆದರೆ ನನ್ನ ತಲೆ ಬಿಸಿಲಿಗೆ ಮಿಂಚುತ್ತದೆ ಎಂದಳು, ಹಾಕಿಕೊಂಡೆ. ಅವಳ ಫ್ಲಾಸ್ಕಿನಲ್ಲಿ ಚಹಾ ಇತ್ತು. ನನ್ನ ಕಣ್ಣೆದುರಿಗೇ ಎರಡು ಲೋಟ ಕುಡಿದು, ಮೂರನೆಯದನ್ನು ನೆಲಕ್ಕೆ ಚೆಲ್ಲಿದಳು.

"ನಂಗೆ ಕೊಡಬಹುದಿತ್ತಲ್ಲ?"

"ಇರುವೆಗಳಿಗೆ ಕೊಟ್ಟೆ. ಅವು ಮರ ಕಡಿಯಲ್ಲ."

"ಒಂದು ಒಣಮರಕ್ಕೆ ಯಾಕ್ರೀ ಇಷ್ಟು ಉರ್ಕೊಳ್ತೀರಿ?"

ಆಗ ಹೇಳಿದಳು, ದುರ್ಬೀನಿನಿಂದ ಕಣ್ಣು ತೆಗೆಯದೆ. ಹೋದ ವರ್ಷ, ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುವ ಬೇರೊಂದು ಹಕ್ಕಿಯನ್ನು ನೋಡಿ ಇದೇ ಅಂತ ಬರೆದುಬಿಟ್ಟಿದ್ದಳಂತೆ. ಇಡೀ ಆಫೀಸು ನಕ್ಕಿತ್ತಂತೆ. "ಇನ್ನೊಂದು ತಪ್ಪಾದ್ರೆ ಕಾಡು ಮುಗೀತು ಅಂದಿದ್ದಾರೆ ಸಾಹೇಬ್ರು. ನೆಲಮಾಳಿಗೆಯಲ್ಲಿ ಕಪಾಟುಗಳಿಗೆ ಚೀಟಿ ಅಂಟಿಸೋ ಕೆಲಸ. ಕಿಟಕಿ ಕೂಡ ಇಲ್ಲ ಅಲ್ಲಿ."

ಗೇಲಿ ಮಾಡಲು ಬಾಯಿ ತೆರೆದೆ. ಅವಳ ಕಿವಿಯ ಹಿಂದೆ ಒಂದು ಜೇಡ ನಡೆಯುತ್ತಿತ್ತು. ಅದು ಹತ್ತಿ ಇಳಿಯುವವರೆಗೂ ಅವಳು ಅಲುಗಲಿಲ್ಲ. ಯಾಕೋ ಬಾಯಿ ಮುಚ್ಚಿಕೊಂಡೆ.

ಮೂರನೆಯ ಬೆಳಿಗ್ಗೆ ಟಿಕ್ ಟಿಕ್ ಎಂದು ಸದ್ದಾಯಿತು. ಅವಳ ಬೆರಳು ನನ್ನ ತೋಳಿಗೆ ಬಿತ್ತು. ನಾನೆಂದು ಮರೆತು ಹಿಡಿದಿದ್ದಳು. ಕಡ್ಡಿಯ ಮೇಲೆ ಒಂದು ಹಕ್ಕಿ. ಅದರ ಹಿಂದೆ ಇನ್ನೊಂದು. ಆ ತೋಳಿನ ಜಾಗ ಸಂಜೆಯವರೆಗೆ ಬೆಚ್ಚಗಿತ್ತು ಅಂದರೆ ನೀವು ನಂಬುವುದಿಲ್ಲ. ಅಕ್ಕನೂ ನಂಬಲಿಲ್ಲ, ಜ್ವರ ಇರಬಹುದೆಂದು ಮಾತ್ರೆ ಕೊಟ್ಟಳು.

ಅವಳು ಹತ್ತು ನಿಮಿಷ ನೋಡಿದಳು. ಬೆರಳು ಸಡಿಲವಾಯಿತು. ಎರಡರ ಹಣೆಯ ಮೇಲೂ ತುಕ್ಕಿನ ಬಣ್ಣ.

"ಎರಡೂ ಗಂಡು," ಅಂದಳು. "ಜೋಡಿಯಲ್ಲ. ಗೂಡಿರಲ್ಲ." ಸಹಿ ಹಾಕುವಾಗ ಪೆನ್ನು ಅದುರುತ್ತಿತ್ತು, ಅಕ್ಷರ ಮಾತ್ರ ಸೊಟ್ಟಗಾಗಲಿಲ್ಲ. "ತಗೊಳ್ಳಿ. ಕುಯ್ಕೊಳ್ಳಿ. ಹೊಟ್ಟೆ ತಣ್ಣಗಾಯ್ತಾ?"

"ಐಸಿಟ್ಟ ಹಾಗಾಯ್ತು," ಅಂದೆ. ಗೆದ್ದವನ ನಗು ನಕ್ಕೆ. ಅವಳು ಹಿಂತಿರುಗಿ ನೋಡದೆ ಹೋದಳು.

ಶುಕ್ರವಾರ ಗರಗಸ ಬೆನ್ನಿಗೆ ಕಟ್ಟಿಕೊಂಡು ಹತ್ತಿದೆ. ಮೂರನೆಯ ಪಟ್ಟಿಯ ಹತ್ತಿರ ಕೋಟಿನ ಗುಂಡಿಯಷ್ಟು ಅಗಲದ ಒಂದು ತೂತಿತ್ತು. ಸೋಮವಾರ ಅದನ್ನು ಹುಳದ ತೂತೆಂದುಕೊಂಡು ಅಂಚಿಗೂ ಸೇರಿಸಿ ಬಣ್ಣ ಬಳಿದಿದ್ದೆ. ಈಗ ಆ ತೂತು ನನ್ನನ್ನು ನೋಡಿತು.

ಒಂದು ಗೇಣು ದೂರದಲ್ಲಿ ಒಂದು ಪುಟ್ಟ ತಲೆ. ಎರಡು ಬಿಳಿ ಗೆರೆ. ಹಣೆಯ ಗರಿಗಳು ತೊಳೆಯದ ಬ್ರಷ್ಷಿನ ಕೂದಲಿನ ಹಾಗೆ ಅಂಟಿಕೊಂಡಿದ್ದವು, ಅದರ ಮೇಲೆ ಮರದ ಪುಡಿ. ಕೊಕ್ಕಿನ ಬುಡದಲ್ಲೂ ಬಣ್ಣ. ನನ್ನ ಬಣ್ಣ! ಕಿತ್ತಳೆ, ರೆಡ್ ಆಕ್ಸೈಡ್, ಗರಗಸದ ಎಣ್ಣೆ. ಜಗತ್ತಿನಲ್ಲಿ ಬೇರೆ ಯಾರೂ ಅಂಥ ಹೊಲಸು ಕಲಸಿರಲಿಕ್ಕಿಲ್ಲ.

ಹಕ್ಕಿ ಹಾರಿತು. ಮೊಬೈಲಿನ ಬೆಳಕು ಬಿಟ್ಟು ಇಣುಕಿದೆ. ಕಡಲೆಕಾಳಿಗಿಂತ ತುಸು ದೊಡ್ಡ ಮೂರು ಬಿಳಿ ಮೊಟ್ಟೆಗಳು.

ನಾನು ಕೊಯ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜೇಬಿನಲ್ಲಿ ಅವಳ ಸಹಿಯಿತ್ತು. ಹೇಳಿದರೆ ನನ್ನ ಕಾರ್ಡು ಹೋಗುತ್ತದೆ. ಆ ಸಹಿಯನ್ನು ತೆಗೆದು ಇನ್ನೊಮ್ಮೆ ನೋಡಿದೆ. ಅದುರುವ ಕೈಯಲ್ಲಿ ನೆಟ್ಟಗೆ ಬರೆದ ಅಕ್ಷರಗಳು. ಥೂ, ಎಂದುಕೊಂಡು ಇಳಿದೆ. ಗರಗಸ ಒಂದು ಸಲವೂ ಉಸಿರೆತ್ತಲಿಲ್ಲ.

ಅವಳ ಆಫೀಸಿನಲ್ಲಿ ಸಾಹೇಬರೂ ಇದ್ದರು. ಬ್ರಷ್ಷನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಅವಳು ನಿಧಾನವಾಗಿ ಎದ್ದಳು. "ಮಂಗಳವಾರ ನಾನು ಕೇಳಿದೆ. ಮುಖ ನೋಡಿ ಕೇಳಿದೆ. ಇಲ್ಲ ಅಂದೆ ನೀನು."

ಅಲ್ಲಿಯವರೆಗೆ ಬೈದರೂ 'ನೀವು' ಎಂದೇ ಬೈಯುತ್ತಿದ್ದಳು. ಏಟು ತಿಂದವನಿಗೆ ಹೂವು ಬಿದ್ದ ಹಾಗಾಯಿತು, ಏನು ಹೇಳಲಿ.

"ಹೌದು," ಅಂದೆ. "ಸುಳ್ಳು ಹೇಳಿದೆ."

ಸಾಹೇಬರು ಕನ್ನಡಕ ತೆಗೆದರು. "ಮರದೊಳಗೆ ಸೈಕಲ್ ಸಿಕ್ತು ಅಂತ ಊರೆಲ್ಲ ಹೇಳ್ಕೊಂಡು ಬಂದವನು ನೀನೇ ಅಲ್ವೇನಯ್ಯ?"

"ಸಿಕ್ಕಿತ್ತು ಸಾರ್. ಟೈರಲ್ಲಿ ಗಾಳಿ ಸಮೇತ."

"ನೋಡಮ್ಮ," ಎಂದು ಅವಳ ಕಡೆ ತಿರುಗಿದರು. "ಮರದ ಮೇಲೆ ಬಣ್ಣ ಇರಬಹುದು. ಹಕ್ಕಿ ಹಣೆ ಮೇಲಿರೋದೂ ಅದೇ ಬಣ್ಣ ಅನ್ನೋಕೆ ಈ ಮಹಾನುಭಾವನ ಬಾಯೇ ಸಾಕ್ಷಿ. ನೀನು ಹೆಣ್ಣನ್ನ ಗಂಡು ಅಂತ ಬರೆದೆ, ಇರೋ ಗೂಡನ್ನ ಇಲ್ಲ ಅಂದೆ. ನಂಗೆ ಕಾಣ್ತಿರೋದು ಇಷ್ಟೇ. ಮರ ಹಾಗೇ ಇರಲಿ. ಹತ್ತು ದಿನ ಕೊಡ್ತೀನಿ. ಅದೇ ಗೂಡಿನ ಬಾಯಲ್ಲಿ ಬಣ್ಣ ಇಲ್ಲದ ಹಣೆ ತೋರಿಸು. ಹಕ್ಕಿನ ಮುಟ್ಟೋ ಹಾಗಿಲ್ಲ. ತೋರಿಸದೆ ಹೋದ್ರೆ ನೆಲಮಾಳಿಗೆ."

ಅವಳು ಕೂತು, ಒಂದು ಹಾಳೆ ತೆಗೆದು, ಮೊದಲು ತನ್ನ ತಪ್ಪನ್ನು ಬರೆದಳು. ಇಳಿಜಾರಿನ ಕಡೆ ಹೋಗಿ ನೋಡದೆ ಇದ್ದದ್ದು. ಅದರ ಕೆಳಗೆ ನನ್ನ ತಪ್ಪು. ಒಂದು ಅಕ್ಷರವನ್ನೂ ಬಿಡಲಿಲ್ಲ. ನನ್ನ ಕಾರ್ಡು ಎರಡು ತಿಂಗಳಿಗೆ ಡ್ರಾಯರಿನೊಳಗೆ ಹೋಯಿತು.

"ಸತ್ಯ ಹೇಳಿದ್ದಕ್ಕೆ ಇದೇನಾ ಬಹುಮಾನ?" ಹೊರಗೆ ಬಂದು ಕೇಳಿದೆ.

"ಲೇಟಾಗಿ ಹೇಳಿದ್ದಕ್ಕೆ."

"ಆ ತೂತಿನ ಅಂಚು ಇನ್ನೂ ಹಸಿಯಾಗಿದೆ. ಅದು ಹೋಗ್ತಾ ಬರ್ತಾ ದಿನಾ ಹಣೆಗೆ ಬಳ್ಕೊಳ್ತಿದೆ. ಅಂಚು ಕೆರೀಬೇಕು. ಏಣಿ ನನ್ನದು, ಕೈ ನನ್ನದು."

"ತಪ್ಪೂ ನಿನ್ನದು," ಅಂದಳು. ಆದರೆ ಬಂದಳು.

ಆ ಕೆರೆಯುವ ಕೆಲಸ ಕೇಳಿ. ಹೆಣ್ಣು ಮೇಯಲು ಹಾರಿದಾಗ ಗಂಡು ಬಂದು ಕೂರುತ್ತದೆ. ಎರಡೂ ಇಲ್ಲದ ಹೊತ್ತು ಬರೀ ಒಂದೂವರೆ ನಿಮಿಷ. ಅವಳು ಕೆಳಗೆ ಏಣಿ ಹಿಡಿದು ನಿಂತಳು. "ಈಗ!" ಎಂದ ಕೂಡಲೇ ಹತ್ತುವುದು. ಚಿಕ್ಕ ಚಾಕುವಿನಲ್ಲಿ ಅಂಚನ್ನು ಕೆರೆದು, ಪುಡಿ ಒಳಗೆ ಬೀಳದ ಹಾಗೆ ಅಂಗೈ ಒಡ್ಡುವುದು. "ಇಳಿ!" ಎಂದರೆ ಜಾರಿಬಿಡುವುದು. ಒಂದು ದಿನಕ್ಕೆ ಹದಿನಾಲ್ಕು ಸಲ.

"ಆನೆ ಹತ್ತಿದ್ರೂ ಇಷ್ಟು ಅಲ್ಲಾಡಲ್ಲ ಏಣಿ!"

"ಹಿಡ್ಕೊಂಡಿರೋರು ಉಸಿರಾಡಿದ್ರೆ ಅಲ್ಲಾಡುತ್ತೆ. ಬಿಗಿಯಾಗಿ ಹಿಡಿ."

"ನಂಗೇ ಹೇಳ್ಕೊಡ್ತೀಯಾ? ಬಿಟ್ಬಿಟ್ರೆ?"

"ಬಿಡು ನೋಡೋಣ."

ಬಿಡಲಿಲ್ಲ. ಕೊನೆಯ ಸಲ ಇಳಿಯುವಾಗ ಕಾಲು ತಪ್ಪಿತು. ಏಣಿಯ ಜೊತೆಗೆ ನನ್ನ ಬೆಲ್ಟನ್ನೂ ಹಿಡಿದಳು. ಅವಳ ಹಣೆ ನನ್ನ ಬೆನ್ನಿಗೆ ಡಿಕ್ಕಿ ಹೊಡೆಯಿತು. ಎರಡು ಉಸಿರಿನಷ್ಟು ಹೊತ್ತು ಅಲ್ಲೇ ಇತ್ತು. ಎಣಿಸಿದ್ದೇನೆ.

"ಬೆವರು ವಾಸನೆ," ಎಂದು ದೂರ ಸರಿದಳು.

ಆಮೇಲೆ ಕಾಯುವ ದಿನಗಳು. ಕೆಲಸವಿಲ್ಲದವನು ನಾನು; ಬೆಳಿಗ್ಗೆ ಬೆಳಿಗ್ಗೆ ಹೊರಟುಬಿಡುತ್ತಿದ್ದೆ.

"ಕಾರ್ಡ್ ಕಿತ್ಕೊಂಡೋಳ ಹತ್ರ ದಿನಾ ಹೋಗ್ತೀಯಲ್ಲೋ, ಮಾನ ಮರ್ಯಾದೆ ಇದೆಯಾ?" ಎಂದು ಅಕ್ಕ ಕೇಳಿದಳು.

"ಹಕ್ಕಿ ನೋಡೋಕೆ ಹೋಗ್ತೀನಿ ಕಣಕ್ಕ."

"ಹ್ಞೂಂ. ಹಕ್ಕಿ ನೋಡೋಕೆ ಯಾರೂ ಶರ್ಟಿಗೆ ಇಸ್ತ್ರಿ ಹಾಕಲ್ಲ."

ಐದನೆಯ ದಿನವೂ ಹೆಣ್ಣಿನ ಹಣೆ ತುಕ್ಕಾಗಿಯೇ ಇತ್ತು. ಆರನೆಯ ದಿನ ಅವಳು ಮಾತೇ ಆಡಲಿಲ್ಲ. ಬೈಯಲೂ ಇಲ್ಲ. ನನಗೆ ಹೆದರಿಕೆಯಾಯಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಆ ಕಣ್ಣುಗಳು ಕಪಾಟಿನ ಚೀಟಿಗಳನ್ನು ನೋಡುತ್ತ ಕೂತಿರುವುದನ್ನು ಯೋಚಿಸಿದೆ. ಯಾವ ಮರದ ಮೇಲೂ ನನಗೆ ಅಷ್ಟು ತಲೆಸುತ್ತು ಬಂದಿರಲಿಲ್ಲ.

"ಬೈಯಿ," ಅಂದೆ.

"ಸುಮ್ನಿರು."

"ಒಂದೇ ಒಂದು ಸಲ. ಟೋಪಿಗಾದ್ರೂ ಬೈಯಿ."

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ನನ್ನ ಕಡೆ ತಳ್ಳಿದಳು. ಮುಖ ಮಾತ್ರ ಮರದ ಕಡೆಗಿತ್ತು. "ಕುಡಿ. ಬಾಯಿ ಮುಚ್ಚುತ್ತೆ."

ಅಷ್ಟು ಕೆಟ್ಟ ಚಹಾವನ್ನು ಅಷ್ಟು ನಿಧಾನವಾಗಿ ಯಾರೂ ಕುಡಿದಿರಲಾರರು.

ಒಂಬತ್ತನೆಯ ಬೆಳಿಗ್ಗೆ ಹೆಣ್ಣು ಕಡ್ಡಿಯ ಮೇಲೆ ಕೂತು ಹಣೆಯನ್ನು ತೊಗಟೆಗೆ ಉಜ್ಜತೊಡಗಿತು. ಉಜ್ಜಿತು, ತಲೆ ಕೊಡವಿತು, ಮತ್ತೆ ಉಜ್ಜಿತು. ತಲೆ ಎತ್ತಿದಾಗ ನನಗೆ ಬರಿಗಣ್ಣಿಗೇ ಕಂಡಿತು. ತುಕ್ಕೆಲ್ಲ ತೊಗಟೆಗೆ ಒರೆಸಿಹೋಗಿತ್ತು. ಕೆಳಗೆ ಪಾಚಿ ಹಸಿರು.

"ಹೋಯ್ತು!" ಅಂದೆ.

"ಸುಳ್ಳು ಹೇಳ್ಬೇಡ."

"ನೀನೇ ನೋಡು!"

ನೋಡಿದಳು. ದುರ್ಬೀನಿನ ಕೆಳಗೆ ಅವಳ ತುಟಿ ಮೊದಲು ಕಚ್ಚಿಕೊಂಡಿತು, ಆಮೇಲೆ ಮೆಲ್ಲಗೆ ಬಿಟ್ಟುಕೊಂಡಿತು. ಆ ತುಟಿಯಲ್ಲಿ ಬೆಳಗಾಗುವುದನ್ನು ಒಂದು ಮೊಳ ದೂರದಿಂದ ನೋಡಿದವನು ನಾನೊಬ್ಬನೇ.

ಸಾಹೇಬರು ಮರುದಿನ ಬಂದರು. ಇಳಿಜಾರಿನ ಕಡೆಯಿಂದಲೇ ನೋಡಬೇಕೆಂದು ಅವರಿಗೆ ಹಗ್ಗ ಕಟ್ಟಿ ಇಳಿಸಿದೆ. ನೇತಾಡುತ್ತಲೇ ಒಂದು ಗಂಟೆ ಕಾದರು. ಗಂಡು ಬಾಯಲ್ಲಿ ಇರುವೆ ಮೊಟ್ಟೆ ಹಿಡಿದು ಬಂದಿತು. ಹೆಣ್ಣು ತೂತಿನಿಂದ ತಲೆ ಹೊರಗೆ ಹಾಕಿತು. ಒಂದೇ ನೋಟದಲ್ಲಿ ಎರಡು ಹಣೆ. ಒಂದಕ್ಕೆ ಬಣ್ಣ, ಒಂದಕ್ಕಿಲ್ಲ. ಒಳಗಿನಿಂದ ಮರಿಗಳ ಚಿಂವ್ ಚಿಂವ್.

"ಹ್ಞೂಂ," ಅಂದರು ಸಾಹೇಬರು. ಹಗ್ಗದಿಂದ ಬಿಡಿಸಿದ ಮೇಲೆ ಇನ್ನೊಂದು ಸಲ "ಹ್ಞೂಂ" ಅಂದು, ಅವಳ ಹಾಳೆಯ ಮೇಲೆ "ಕಾಡಿನ ಕೆಲಸದಲ್ಲೇ ಮುಂದುವರಿಯಲಿ" ಎಂದು ಬರೆದರು. ನನ್ನ ಕಡೆ ನೋಡಿ, "ಆದ್ರೂ ಸೈಕಲ್ ನಾನು ನಂಬಲ್ಲ" ಎಂದು ಹೋದರು.

ಉಳಿದದ್ದು ನಾವಿಬ್ಬರೇ.

"ಖುಷಿನಾ?" ಅಂದೆ.

"ನಿನ್ನ ಮೇಲಿನ ದೂರು ವಾಪಸ್ ತಗೊಳ್ಳಲ್ಲ."

"ಯಾರು ಕೇಳಿದ್ರು?"

"ಎರಡು ತಿಂಗಳು ಅಂದ್ರೆ ಎರಡು ತಿಂಗಳು."

"ಇರಲಿ ಬಿಡು. ಇಲ್ಲೇ ಬಂದು ಕೂರ್ತೀನಿ."

"ಎರಡು ವಾರಕ್ಕೆ ಮರಿ ಹಾರಿಹೋಗುತ್ತೆ. ಆಮೇಲೆ ಏನು ನೋಡ್ತೀಯ?"

ಹನ್ನೆರಡು ಆಳಿನ ಎತ್ತರದಲ್ಲಿ ಒಂಟಿಕಾಲಲ್ಲಿ ನಿಂತವನು ನಾನು. ನೆಲದ ಮೇಲೆ ಎರಡೂ ಕಾಲೂರಿ ನಡುಗಿದೆ. "ನಾನು ಹಕ್ಕಿ ನೋಡೋಕೆ ಬರ್ತಿರ್ಲಿಲ್ಲ."

"ಗೊತ್ತು."

"ಗೊತ್ತಾ?"

ಅವಳು ಬ್ಯಾಗಿನಿಂದ ಹಾಳೆಗಳ ಕಟ್ಟು ತೆಗೆದು ನನ್ನ ಎದೆಗೆ ಒತ್ತಿದಳು. ಐದೈದು ನಿಮಿಷಕ್ಕೆ ಒಂದು ಸಾಲು ಬರೆಯುವ ಹಾಳೆ. ಕೊನೆಯಲ್ಲಿ "ಅಡಚಣೆ" ಎಂದೊಂದು ಕಾಲಂ. ನಾಯಿ ಬಂತು, ಗಾಳಿ ಬೀಸಿತು ಎಂದೆಲ್ಲ ಬರೆಯುವ ಜಾಗ. ಅಲ್ಲಿ ಅದೇ ನೆಟ್ಟಗಿನ ಅಕ್ಷರ: 6.40, ಏಣಿಯವನು ನನ್ನ ಕಡೆ ನೋಡಿದ. 6.55, ಮತ್ತೆ ನೋಡಿದ. 7.10, ನೋಡಿ, ಸಿಕ್ಕಿಬಿದ್ದು, ಟೋಪಿ ಸರಿಮಾಡಿಕೊಂಡ.

"ನಲವತ್ತೊಂದು ಸಲ," ಅಂದಳು. "ಹಕ್ಕಿ ಆ ಕಡೆ ಇದ್ರೂ ನೀನು ಈ ಕಡೆ. ಸರ್ಕಾರಿ ಹಾಳೆ ಎಷ್ಟು ದಂಡ ಮಾಡಿಸಿದೆ ಗೊತ್ತಾ?"

ನಾನು ಹೆಚ್ಚು ಓದಿದವನಲ್ಲ, ಆದರೆ ಇಷ್ಟು ಹೊಳೆಯಿತು. "ಅಲ್ಲ, ನಾನು ನಲವತ್ತೊಂದು ಸಲ ನೋಡಿದ್ದು ನಿಂಗೆ ಹೇಗೆ ಗೊತ್ತಾಯ್ತು? ನೀನು ಹಕ್ಕಿ ತಾನೆ ನೋಡ್ತಿದ್ದಿದ್ದು?"

ಅವಳ ಕೆನ್ನೆಯಿಂದ ಹಣೆಯವರೆಗೆ ಒಂದು ಬಣ್ಣ ಹತ್ತಿತು. ಅಂಥದ್ದನ್ನು ಯಾವ ಡಬ್ಬಿಯಲ್ಲೂ ಕಲಸಲಾಗದು.

"ಹಾಳೆ ಕೊಡಿಲ್ಲಿ."

"ಕೊಡಲ್ಲ."

"ನೀನೊಬ್ಬ ಸುಳ್ಳ. ಸೋಮಾರಿ. ನಿಯಮ ಮುರಿಯೋನು. ನಿನ್ನ ಕಂಡ್ರೆ ನಂಗೆ ಆಗಲ್ಲ."

"ನಂಗೂ ನಿನ್ನ ಕಂಡ್ರೆ ಆಗಲ್ಲ. ಮದುವೆ ಆಗೋಣ್ವಾ?"

"ಸುಳ್ಳು ಹೇಳ್ತಿದ್ದೀಯಾ?"

"ಮುಖ ನೋಡಿ ಹೇಳ್ತಿದ್ದೀನಿ."

ಅವಳು ಹಾಳೆ ಕಿತ್ತುಕೊಂಡಳು, ಗಡಿಯಾರ ನೋಡಿದಳು, ಅಡಚಣೆಯ ಕಾಲಂನಲ್ಲಿ ಒಂದು ಸಾಲು ಬರೆದಳು. ಇಣುಕಿದೆ. 11.25, ಒಪ್ಪಿಕೊಂಡೆ.

ಮರಿಗಳು ಹಾರಿ ಹೋಗಿ ತಿಂಗಳಾಯಿತು. ಜಗಳ ದಿನಾ ಇದೆ, ಆ ವಿಷಯದಲ್ಲಿ ಕೊರತೆಯಿಲ್ಲ. ಈ ಶುಕ್ರವಾರ ಹನ್ನೊಂದು ಗಂಟೆಗೆ ರಿಜಿಸ್ಟರ್ ಆಫೀಸಿನಲ್ಲಿ ನಮ್ಮ ಮದುವೆ. ಮೂರು ಸಾಕ್ಷಿ ಬೇಕಂತೆ. ಅಕ್ಕ ಒಂದು, ಸಾಹೇಬರು ಎರಡು. ಮೂರನೆಯವರಿಗೆ ನಮ್ಮ ಕಥೆ ಮೊದಲಿನಿಂದ ಕೊನೆಯವರೆಗೆ ಗೊತ್ತಿರಬೇಕು ಎಂಬುದು ಅವಳ ಹಟ. ಈಗ ನಿಮಗೆ ಗೊತ್ತಾಯಿತಲ್ಲ? ಗುರುತಿನ ಚೀಟಿ, ಎರಡು ಫೋಟೊ ಹಿಡಿದುಕೊಂಡು ಹತ್ತೂವರೆಗೇ ಬಂದುಬಿಡಿ. ಬಿಡುವಿಲ್ಲ ಅನ್ನುತ್ತೀರಾ? ಸರಿ, ಹಾಗಾದರೆ ಆರಾಮಾಗಿ ಕೂತ್ಕೊಳ್ಳಿ, ಆ ಸೈಕಲ್ಲಿನ ಕಥೆ ಶುರುಮಾಡುತ್ತೇನೆ.